ಬೆನ್ನ ಹಿಂದಿನ ಹಾಲು

ರೇವಪ್ಪನಿಗೆ ಹರಿಯುವ ಹೊಳೆ ತಿಳಿದಿತ್ತು. ನಿಂತ ಹೊಳೆ ಕಡೆತನಕ ತಿಳಿಯಲಿಲ್ಲ.

ಗಲಗಲಿಯಿಂದ ಒಂದಿಷ್ಟು ಕೆಳಕ್ಕೆ, ಕೃಷ್ಣೆಯ ದಂಡೆಗೆ ಅಂಟಿಕೊಂಡಿದ್ದ ಹಳೇ ಊರಿನಲ್ಲಿ ಅವನು ಹುಟ್ಟಿದ. ಕುರಿ ಸಾಕುವ ಮನೆತನ, ಬೀರಪ್ಪ ದೇವರ ಒಕ್ಕಲು. ಹುಡುಗನಾಗಿದ್ದಾಗ ಒಣಗಿದ ಸೋರೆಬುರುಡೆಗಳನ್ನು ಎದೆಗೆ ಕಟ್ಟಿಕೊಂಡು ತುಂಬಿದ ಹೊಳೆ ದಾಟುತ್ತಿದ್ದ. ಈ ಕಡೆ ಹುಣಸೆಮರದ ಹತ್ತಿರ ನೀರಿಗೆ ಬಿದ್ದರೆ ಆ ಕಡೆ ಯಾವ ಕಲ್ಲಿಗೆ ಹೋಗಿ ಮುಟ್ಟುತ್ತೇನೆ ಎಂಬುದು ಅವನ ಮೈಗೇ ಗೊತ್ತಿತ್ತು. ಹರಿವಿನ ಜೊತೆ ಹೋದರೆ ಸಲೀಸು, ಹರಿವಿಗೆ ಎದುರಾದರೆ ತ್ರಾಸು. ಹೊಳೆಯ ನ್ಯಾಯ ಇಷ್ಟೇ ಎಂದು ಅವನು ತಿಳಿದುಕೊಂಡಿದ್ದ.

ಆಲಮಟ್ಟಿಯಲ್ಲಿ ಅಣೆಕಟ್ಟಿನ ಬಾಗಿಲು ಹಾಕಿದ ಮೇಲೆ ಆ ನ್ಯಾಯ ಕೆಟ್ಟಿತು. ನೀರು ಮುಂದಕ್ಕೆ ಹೋಗುವುದನ್ನು ಬಿಟ್ಟು ಅಗಲಕ್ಕೆ ಬರತೊಡಗಿತು. ಮೊದಲು ಹುಣಸೆಮರದ ಬುಡಕ್ಕೆ, ಆಮೇಲೆ ಜೋಳದ ಹೊಲಗಳಿಗೆ, ಆಮೇಲೆ ಊರಬಾಗಿಲಿನ ಅಗಸಿಯ ಕಟ್ಟೆಗೆ. ಊರು ಗಂಟುಮೂಟೆ ಕಟ್ಟಿಕೊಂಡು ಮಡ್ಡಿಯ ಮೇಲಿನ ಹೊಸ ಪ್ಲಾಟುಗಳಿಗೆ ಹೋಯಿತು. ಬೀರಪ್ಪ ಹೋಗಲಿಲ್ಲ. ಹೊಲಗಳ ನಡುವಿನ ಎತ್ತರದ ದಿಬ್ಬದ ಮೇಲೆ ಅವನ ಗುಡಿ. ಗುಡಿ ಅಂದರೆ ನಾಲ್ಕು ಕಲ್ಲುಕಂಬ, ಮೇಲೊಂದು ಚಪ್ಪಡಿ, ಒಳಗೆ ಭಂಡಾರದ ಅರಿಶಿನಪುಡಿ ಮೆತ್ತಿ ಮೆತ್ತಿ ಹಳದಿಗಟ್ಟಿದ ದುಂಡನೆಯ ಕಲ್ಲು. ಬೇಸಿಗೆಯಲ್ಲಿ ನೀರು ಇಳಿದಾಗ ಕೆಸರು ತುಳಿದುಕೊಂಡು ಅಲ್ಲಿಗೆ ನಡೆದು ಹೋಗಬಹುದಿತ್ತು. ಶ್ರಾವಣದಲ್ಲಿ ಹಿನ್ನೀರು ತುಂಬಿ ನಿಂತಾಗ ಮಾತ್ರ ಆ ದಿಬ್ಬ ದೂರದಲ್ಲಿ, ನೀರೊಳಗೆ ಕೂತ ಎಮ್ಮೆಯ ಬೆನ್ನಿನಂತೆ ಕಾಣುತ್ತಿತ್ತು.

ಕುರಿಗಳು ಈಯುವುದೂ ಅದೇ ಹೊತ್ತಿಗೆ.

ಆ ಮನೆತನದಲ್ಲಿ ಒಂದು ನಡೆ ಇತ್ತು. ಮಳೆಗಾಲದಲ್ಲಿ ಮೊದಲು ಈದ ಕುರಿಯ ಹಾಲು, ಮರಿ ಕುಡಿದು ಉಳಿದದ್ದು, ಮಣ್ಣಿನ ಗಡಿಗೆಗೆ ಬೀಳಬೇಕು. ಅದರ ಮೇಲೆ ಹಟ್ಟಿಯಲ್ಲಿ ಬೇಸಿಗೆಗೇ ಈದು ಇನ್ನೂ ಹಾಲು ಬತ್ತದ ಕುರಿಗಳ ಹಾಲು ಹಿಂಡಿ, ಗಡಿಗೆ ತುಂಬಿಸಿ, ಕೆಡುವ ಮೊದಲೇ ಒಯ್ದು ಬೀರಪ್ಪನ ಕಲ್ಲಿನ ಮೇಲೆ ಎರೆಯಬೇಕು. ಅಲ್ಲಿಯತನಕ ಮನೆಯಲ್ಲಿ ಯಾರೂ ಗಿಣ್ಣ ಬಾಯಿಗಿಡುವಂತಿಲ್ಲ. ಗಡಿಗೆಯ ಬಾಯಿ ಮುಚ್ಚುವಂತಿಲ್ಲ. ಮುಚ್ಚಿದರೆ ಕುರಿಯ ಕೆಚ್ಚಲು ಮುಚ್ಚುತ್ತದೆ ಎಂಬ ಭಯ. ಮೇಲೆ ಬೇವಿನ ಎಸಳು ತೇಲಿಬಿಟ್ಟರೆ ಆಯಿತು. ಒಯ್ಯುವವನು ಅದನ್ನು ಕಣ್ಣೆದುರಿಗೆ ಇಟ್ಟುಕೊಂಡೇ ಹೋಗಬೇಕು. ದೇವರ ಹಾಲಿಗೆ ಬೆನ್ನು ತೋರಿಸುವುದುಂಟೆ? ಇದನ್ನು ರೇವಪ್ಪನಿಗೆ ಯಾರೂ ಬಾಯಿಬಿಟ್ಟು ಹೇಳಿಕೊಟ್ಟಿರಲಿಲ್ಲ. ಹೇಳಬೇಕಾದ ಮಾತೇ ಅದಲ್ಲ.

ಹೊಳೆಯಲ್ಲಿ ಹರಗೋಲು ಇರಲಿಲ್ಲವೆಂದಲ್ಲ. ಅಪ್ಪಾಸಾಬ ಮೊದಲು ಅದರಲ್ಲಿ ಜನರನ್ನು ದಾಟಿಸುತ್ತಿದ್ದ, ಈಗ ಮೀನು ಹಿಡಿಯುತ್ತಿದ್ದ. ಆದರೆ ದಿಬ್ಬದ ಸುತ್ತಲೂ ಮುಳುಗಿದ ಜಾಲಿಮರಗಳು ನಿಂತಿದ್ದವು. ನೀರಿನ ಮೇಲೆ ತುದಿ ಮಾತ್ರ, ಕೆಳಗೆಲ್ಲ ಮುಳ್ಳು.

"ನಿಮ್ಮ ದೇವರು ಸುತ್ತೂಕಡೆ ಬೇಲಿ ಬಡಕೊಂಡು ಕುಂತಾನ, ರೇವಪ್ಪಾ," ಎಂದು ಅಪ್ಪಾಸಾಬ ಮೊದಲೇ ಕೈ ಅಲ್ಲಾಡಿಸಿಬಿಟ್ಟಿದ್ದ. "ನನ್ನ ಹರಗೋಲಿನ ತಳ ಹರದರ ನಾಳಿ ನಾ ಏನ್ ತಿನ್ಲಿ?"

ಉಳಿದದ್ದು ಮೀನುಗಾರರ ಥರ್ಮಾಕೋಲ್ ತೆಪ್ಪ. ಪೇಟೆಯ ಅಂಗಡಿಗಳಲ್ಲಿ ಫ್ರಿಜ್ಜು, ಟಿವಿ ಬಿಚ್ಚಿದ ಮೇಲೆ ಬಿಸಾಡುವ ಬಿಳಿ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಹಗ್ಗದಿಂದ ಬಿಗಿದು, ಗೊಬ್ಬರದ ಚೀಲದಲ್ಲಿ ಸುತ್ತಿ, ದಬ್ಬಣದಿಂದ ಹೊಲಿದರೆ ತೆಪ್ಪ. ಒಬ್ಬ ಮನುಷ್ಯ ಮಲಗುವಷ್ಟು ಉದ್ದ, ಜಾಲಿಯ ನಡುವೆ ನುಸುಳುವಷ್ಟು ಅಗಲ. ಕಾಲು ಇಳಿಬಿಟ್ಟು ಕೂತರೆ ಮುಳ್ಳು ಗೀರುತ್ತದೆ, ನಿಂತರೆ ಬೀಳುತ್ತಾರೆ. ಅದಕ್ಕೇ ಮೊಣಕಾಲೂರಿ ಕೂತು ಎರಡೂ ಕೈಯಿಂದ ನೀರು ಎಳೆಯುತ್ತಾರೆ. ಮೀನುಗಾರರು ಕೈಗೆ ಹಳೇ ರಬ್ಬರ್ ಚಪ್ಪಲಿ ಹಾಕಿಕೊಳ್ಳುತ್ತಾರೆ, ನೀರು ಛಲೋ ಹಿಡಿಯುತ್ತದೆಂದು.

ಹೋದ ವರ್ಷ ರೇವಪ್ಪ ಅಂಥದೇ ಒಂದು ತೆಪ್ಪ ಕೇಳಿ ತಂದು ಹಾಲು ಒಯ್ದಿದ್ದ. ಗಡಿಗೆ ಮುಂದೆ, ತಾನು ಹಿಂದೆ. ಅರ್ಧ ದಾರಿ ಹೋಗಿರಬೇಕು, ಬೆನ್ನ ಕಡೆಯಿಂದ ಒಂದು ತೆರೆ ಬಂದು ತೆಪ್ಪದ ಹಿಂಭಾಗವನ್ನು ಎತ್ತಿತು. ಮುಂಭಾಗ ನೀರೊಳಗೆ ಮೂತಿ ತೂರಿತು. ಗಡಿಗೆ ಉರುಳಿ ಹೋಯಿತು. ಹಾಲು ನೀರಿನ ಮೇಲೆ ಬೆಳ್ಳಗೆ ಹರಡಿಕೊಂಡು, ಅವನು ನೋಡುತ್ತಿದ್ದಂತೆಯೇ ಇಲ್ಲವಾಯಿತು.

ಆ ಚಳಿಗಾಲ ಮರಿಗಳು ಸತ್ತವು. ಒಂದಾದ ಮೇಲೆ ಒಂದು, ಹೊಟ್ಟೆ ಉಬ್ಬಿಸಿಕೊಂಡು, ಕಾಲು ಚಾಚಿ. ಬೀಳಗಿಯಿಂದ ಬಂದ ದನದ ಡಾಕ್ಟರು, ಕರುಳಬೇನೆ, ಸೂಜಿ ಮೊದಲೇ ಹಾಕಿಸಬೇಕಿತ್ತು ಎಂದರು. ರೇವಪ್ಪನ ಸೋದರತ್ತೆ ಇಂದ್ರವ್ವ ಕಟ್ಟೆಯ ಮೇಲೆ ಕೂತು ಒಂದೇ ಮಾತು ಹೇಳಿದಳು: "ಹಾಲು ಮುಟ್ಟಲಿಲ್ಲಪಾ."

ರೇವಪ್ಪನಿಗೆ ಡಾಕ್ಟರ ಮಾತೂ ಖರೆ ಅನಿಸಿತು, ಅತ್ತೆಯ ಮಾತೂ ಖರೆ ಅನಿಸಿತು. ಎರಡೂ ಹೇಗೆ ಖರೆ ಆಗುತ್ತವೆ ಎಂಬುದು ಮಾತ್ರ ತಿಳಿಯಲಿಲ್ಲ. ಈ ವರ್ಷ ಅವನು ಸೂಜಿಯನ್ನೂ ಹಾಕಿಸಿದ. ಇನ್ನು ಹಾಲು ಮುಟ್ಟಬೇಕು. ಗಬ್ಬಾಗಿ ನಿಂತ ಕುರಿಗಳ ಹೊಟ್ಟೆಯನ್ನು ನೋಡಿದಾಗಲೆಲ್ಲ ಅವನಿಗೆ ಇದೊಂದೇ ವಿಚಾರ. ಹೇಗಾದರೂ ಮಾಡಿ ಹಾಲು ಮುಟ್ಟಬೇಕು.

ಆಷಾಢದಲ್ಲೇ ತೆಪ್ಪ ಕಟ್ಟಲು ಕೂತ. ಹೆಂಡತಿ ತಂಗೆವ್ವನ ತಮ್ಮ ದುಂಡೇಶ ಕಬ್ಬಿನ ಹಂಗಾಮಿನಲ್ಲಿ ಸಮೀರವಾಡಿಗೆ ಟ್ರ್ಯಾಕ್ಟರ್ ಹೊಡೆಯುವವನು, ಮಳೆಗಾಲದಲ್ಲಿ ಕೆಲಸವಿಲ್ಲದೆ ಅಕ್ಕನ ಮನೆಯಲ್ಲಿ ಉಳಿದಿದ್ದ. ಜಮಖಂಡಿಯ ಅಂಗಡಿಗಳನ್ನು ತಿರುಗಿ ಥರ್ಮಾಕೋಲ್ ತಂದವನೂ ಅವನೇ, ಬುದ್ಧಿ ಹೇಳಿದವನೂ ಅವನೇ.

"ಮಾವಾ, ನಿನ್ನ ಹೋದ ವರ್ಷದ್ದು ತೆಪ್ಪ ಅಲ್ಲ, ಬಾಗಲಾ. ಚಿಲಕ ಒಂದ್ ಕಡಿಮಿ ಇತ್ತು. ಮುಂದಿನ ಮೂತಿ ಹಂಗ ಚೌಕ ಇದ್ರ ನೀರನ್ನ ನೂಕ್ಕೊಂತ ಹೊಕ್ಕೈತಿ. ಚೂಪ್ ಮಾಡು, ರಾಕೆಟ್ ಹೋದಂಗ ಹೊಕ್ಕೈತಿ."

ಈಳಿಗೆಯಿಂದ ಕೊರೆದು ಮುಂದೆಯೂ ಹಿಂದೆಯೂ ಚೂಪು ಮಾಡಿದರು. ದುಂಡೇಶ ಚಪ್ಪಲಿ ಕೈಗೆ ಹಾಕಿಕೊಂಡು ಒಂದು ಸುತ್ತು ಹೊಡೆದು ಬಂದ. ಖರೆ, ತೆಪ್ಪ ನೀರನ್ನು ಸೀಳಿಕೊಂಡು ಹೋಯಿತು.

"ಕೈಯಾಗ ಚಪ್ಪಲಿ ಹಾಕ್ಕೊಂಡು ದೇವರ ಹಾಲು ಒಯ್ಯಲೇನಲೇ?" ಎಂದ ರೇವಪ್ಪ. ತಂಗೆವ್ವ ಒಳಗಿನಿಂದ ಎರಡು ಸಣ್ಣ ಸ್ಟೀಲಿನ ತಾಟು ತಂದಳು. ಅಂಗೈಗೆ ಹರಕು ಅರಿವೆಯಿಂದ ಬಿಗಿದುಕೊಂಡು, ಗಡಿಗೆಯಲ್ಲಿ ನೀರು ತುಂಬಿ ಮುಂದಿಟ್ಟುಕೊಂಡು ಅವನು ತೆಪ್ಪದ ಮೇಲೆ ಮೊಣಕಾಲೂರಿದ. ದಂಡೆಯಲ್ಲಿದ್ದವರು ನಕ್ಕರು.

"ಪಂಕ್ತಿಗಿ ಕುಂತಂಗ ಕಾಣಾಕತ್ತೀ ಮಾವಾ! ಹೊಳಿ ಏನರೆ ಬಡಸ್ತೈತಿ ತಡಿ!"

ಹೊಳೆ ಬಡಿಸಿತು. ಸ್ವಲ್ಪ ದೂರ ಹೋಗುವುದರೊಳಗೆ ಬೆನ್ನ ಹಿಂದಿನ ತೆರೆ ಎತ್ತಿತು, ಚೂಪು ಮೂತಿ ಚೌಕ ಮೂತಿಗಿಂತಲೂ ಬೇಗ ನೀರೊಳಗೆ ಹೋಯಿತು, ಗಡಿಗೆ ಉರುಳಿ ಬರಿದಾಗಿ, ತೇಲಿಕೊಂಡು ಬೇರೆಯೇ ದಾರಿ ಹಿಡಿಯಿತು.

"ನೀ ಹ್ವಾದಾಗ ಮುಳುಗಲಿಲ್ಲಲ್ಲೋ?"

"ನಾ ಹಗರದಾಂವ ಅದೀನಿ. ನೀ ರೊಟ್ಟಿ ಕಡಿಮಿ ಮಾಡು."

ರೇವಪ್ಪ ವಾರವೆಲ್ಲ ರೊಟ್ಟಿ ಕಡಿಮೆ ಮಾಡಿದ. ಅದರಿಂದ ಆದದ್ದು ಹಸಿವು ಅಷ್ಟೇ.

ಆಮೇಲೆ ಅವನೇ ತಲೆ ಓಡಿಸಿದ. ಗಡಿಗೆ ಇರುವ ಕಡೆ ತೆಪ್ಪ ಅಗಲವಿದ್ದರೆ ತಾನೇ ಅದು ಹೊರುವುದು? ಮುಂಭಾಗ ಅಗಲ, ಹಿಂದೆ ಸಣ್ಣ, ಮೊರದ ಹಾಗೆ ಕಟ್ಟಿದ. ಎರಡೂ ತುದಿಯ ತಳವನ್ನು ಓರೆಯಾಗಿ ಕೊರೆದು ಸ್ವಲ್ಪ ಮೇಲಕ್ಕೆ ಎತ್ತಿದ. ಈಗ ಮೂತಿ ಮುಳುಗಲಿಲ್ಲ. ಆದರೆ ಬೇರೆಯೇ ಕಾಟ ಶುರುವಾಯಿತು. ಗಡಿಗೆ ಮುಂದಿರುವುದರಿಂದ ಅವನು ಹಿಂದಿನ ಸಣ್ಣ ತುದಿಗೆ ಕೂರಬೇಕಾಯಿತು. ಅದು ಅವನ ಭಾರಕ್ಕೆ ಕುಸಿದು ಹಿಮ್ಮಡಿಯ ಮೇಲೆ ನೀರು ಹರಿಯಿತು. ಮುಂದಿನ ಅಗಲ ಭಾಗ ನೀರನ್ನು ನೂಕುತ್ತ, ಗಾಳಿ ಬೆನ್ನಿಗಿದ್ದರೂ ಕೆಸರಿನಲ್ಲಿ ಹೂತ ಬಂಡಿಯಂತೆ ನಡೆಯಿತು. ಕೈ ಮುಂದೆ ಚಾಚಿ ನೀರು ಹಿಡಿಯಬೇಕೆಂದರೆ ಆ ಅಗಲ ಅಡ್ಡ ಬಂತು. ಬಲಕ್ಕೆ ಬಾಗಿದರೆ ಇಡೀ ತೆಪ್ಪ ಬಲಕ್ಕೆ, ಎಡಕ್ಕೆ ಬಾಗಿದರೆ ಎಡಕ್ಕೆ. ಹಿಂದಿನಿಂದ ಬಂದ ತೆರೆ ಸಣ್ಣ ತುದಿಯನ್ನು ಪಕ್ಕಕ್ಕೆ ಸರಿಸಿ ತೆಪ್ಪವನ್ನು ಅಡ್ಡ ನಿಲ್ಲಿಸಿತು. ಅಡ್ಡ ನಿಂತ ಮೇಲೆ ಇನ್ನೊಂದು ತೆರೆ ಬಂದು ಗಡಿಗೆಯ ನೀರನ್ನು ಅರ್ಧ ಚೆಲ್ಲಿತು.

ಒಂದು ದಿನ ಹೀಗೇ ಹೋದವನು ಅಂಗೈಯಿಂದ ಬಿಚ್ಚಿ ಜಾಲಿಗೆ ಸಿಕ್ಕಿಕೊಂಡ ತಾಟು ಬಿಡಿಸಲು ನೀರಿಗೆ ಇಳಿದ. ಮತ್ತೆ ಹತ್ತುವಾಗ ಗಡಿಬಿಡಿಯಲ್ಲಿ ಹಿಂದುಮುಂದು ನೋಡದೆ ಹತ್ತಿದ. ಸಣ್ಣ ತುದಿಯೇ ಮುಂದಾಗಿತ್ತು, ಮುಂದೆ ಇದ್ದ ಗಡಿಗೆ ಬೆನ್ನ ಹಿಂದೆ ಉಳಿದಿತ್ತು. ಹೇಗೂ ಬರೀ ನೀರಿನ ಗಡಿಗೆ, ಇರಲಿ ಎಂದು ಹಾಗೆಯೇ ಊರಿನ ಕಡೆ ಹೊರಟ. ಗಾಳಿ ಎದುರಿಗೆ, ತೆರೆ ಎದುರಿಗೆ. ಆದರೂ ತೆಪ್ಪ ಸರ್ರನೆ ಬಂತು. ಕೈಗೆ ನೀರು ಸರಿಯಾಗಿ ಸಿಕ್ಕಿತು, ಸಣ್ಣ ಮೂತಿ ತೆರೆಯ ಮೇಲೇರಿ ಇಳಿಯಿತು.

ದಂಡೆಗೆ ಬಂದು ತಲೆ ತುರಿಸಿಕೊಂಡು ನಿಂತ. "ಹೋಗುವಾಗ ಗಾಳಿ ಬೆನ್ನಿಗಿ ಐತಿ, ನೂಕ್ಬೇಕು. ನೂಕವಲ್ದು, ಕೆಡವತೈತಿ. ಬರುವಾಗ ಗಾಳಿ ಎದುರಿಗಿ ಐತಿ, ತಡೀಬೇಕು. ತಡೀವಲ್ದು. ಏನೂ ತಿಳೀವಲ್ದು ನನಗ."

"ಹೊಳಿ ಹರೀವಾಗ ನೀರು ಒಯ್ತಿತ್ತು, ರೇವಪ್ಪಾ," ಎಂದ ಬಲೆ ಬಿಡಿಸುತ್ತಿದ್ದ ಅಪ್ಪಾಸಾಬ. "ಈಗ ನೀರು ಒಯ್ಯೂದಿಲ್ಲ. ಗಾಳಿ ತೆರಿ ಎಬ್ಬಸ್ತೈತಿ, ತೆರಿ ಕುಂಡಿಗಿ ಒದೀತೈತಿ. ಅದೇನು ಒಯ್ಯೂದಲ್ಲ."

"ಹಂಗಾರ ಬರುವಾಗ?"

ಅಪ್ಪಾಸಾಬ ಬಲೆಯಿಂದ ಒಂದು ಮುಳ್ಳು ಕಿತ್ತು ಎಸೆದ. "ಅದು ನಂಗೂ ತಿಳಿದಿಲ್ಲ. ನಂದು ಹರಗೋಲು. ಅದಕ್ಕ ಹಿಂದೂ ಇಲ್ಲ, ಮುಂದೂ ಇಲ್ಲ."

ಇಂದ್ರವ್ವನಿಗೆ ಅನುಮಾನವೇ ಇರಲಿಲ್ಲ. "ಬರುವಾಗ ಬೀರಪ್ಪ ಕಳಸಾಕ ಬರ್ತಾನ. ಹೋಗುವಾಗ ಪರೀಕ್ಷಾ ಮಾಡ್ತಾನ."

ಬಟ್ಟೆ ಒಗೆಯುತ್ತ ಕೂತಿದ್ದ ತಂಗೆವ್ವ ಗಂಡ ಯಾವ ಮೂತಿ ಮುಂದೆ ಮಾಡಿಕೊಂಡು ಬಂದ ಎಂಬುದನ್ನು ನೋಡಿದ್ದಳು. ಆ ಹೊತ್ತಿಗೆ ಅದು ಅವಳಿಗೂ ದೊಡ್ಡ ಮಾತು ಅನಿಸಿರಲಿಲ್ಲ.

ಶ್ರಾವಣ ಹಿಡಿದು ಕೆಲವು ದಿನಕ್ಕೆ, ಒಂದು ಮುಂಜಾನೆ ಕರಿ ಕುರಿ ಈದಿತು. ಹೆಣ್ಣು ಮರಿ, ಹಣೆಯ ಮೇಲೆ ಬಿಳಿ ಬೊಟ್ಟು. ನೆಟ್ಟಗೆ ನಿಂತು ಮೊಲೆ ಹುಡುಕಿ ಕುಡಿಯಿತು. ತಂಗೆವ್ವ ಮೈತೊಳೆದುಕೊಂಡು ಬಂದು, ಗಡಿಗೆಗೆ ಭಂಡಾರ ಹಚ್ಚಿ, ದಪ್ಪನೆಯ ಹಳದಿ ಹಾಲನ್ನು ಹಿಂಡಿದಳು. ಅದರ ಮೇಲೆ ಹಾಲು ಬತ್ತದ ಉಳಿದ ಕುರಿಗಳದು. ಗಡಿಗೆಯ ಬಾಯಿಗೆ ಒಂದು ಬೆರಳು ಕಡಿಮೆ ಇರುವಾಗ ಸಾಕು ಎಂದು ನಿಲ್ಲಿಸಿ ಎರಡು ಬೇವಿನ ಎಸಳು ಬಿಟ್ಟಳು.

ದಂಡೆಗೆ ಬರುವ ಹೊತ್ತಿಗೆ ಗಾಳಿ ಎದ್ದಿತ್ತು. ಪಡುವಣದಿಂದ ಬೀಸುವ ಶ್ರಾವಣದ ಗಾಳಿ. ನೀರೆಲ್ಲ ಉತ್ತ ಹೊಲದ ಹಾಗೆ ಸಾಲು ಸಾಲು. ದುಂಡೇಶ ತೆಪ್ಪವನ್ನು ನೀರಿಗೆ ಇಳಿಸಿ ಹಿಡಿದುಕೊಂಡ. ಅಗಲದ ಮೂತಿ ದಿಬ್ಬದ ಕಡೆಗೆ.

"ಮಾವಾ, ಮುಚ್ಚಳ ಇರೂ ಕ್ಯಾನಿನ್ಯಾಗ ಹಾಕ್ಕೊಂಡು ಹೋಗು. ಯಾರ್ ನೋಡ್ತಾರ?"

"ಯಾರ್ ನೋಡ್ಬೇಕೋ ಅಂವಾ ನೋಡ್ತಾನ. ಬಾಯಿ ಮುಚ್ಚಲೇ."

ರೇವಪ್ಪ ಗಡಿಗೆ ಹಿಡಿದು ನಿಂತೇ ಇದ್ದ. ಕಾಲು ನೀರಿಗೆ ಇಳಿಯಲೊಲ್ಲದು. ಹೋದರೆ ಚೆಲ್ಲುತ್ತದೆ, ಹೋಗದಿದ್ದರೆ ಕೆಡುತ್ತದೆ. ಹೋದ ವರ್ಷ ನೀರಿನ ಮೇಲೆ ಹರಡಿದ ಬಿಳುಪು ಕಣ್ಣಿಗೆ ಕಟ್ಟಿತು, ಅದರ ಹಿಂದೆಯೇ ಕಾಲು ಚಾಚಿ ಬಿದ್ದ ಮರಿಗಳು.

ಆಗ ತಂಗೆವ್ವ ಮಾತಾಡಿದಳು.

"ಇಲ್ ಕೇಳ್ರಿ. ತೆಪ್ಪ ತಿರುವಿ ಹಾಕ್ರಿ."

"ಏನ?"

"ಸಣ್ಣ ಮೂತಿ ಮುಂದ ಮಾಡ್ರಿ. ಅವತ್ತ ಹಂಗ ಬಂದ್ರಿ, ಮೀನ ಬಂದಂಗ ಬಂದ್ರಿ. ನಾ ನೋಡೀನಿ."

"ಸಣ್ಣ ಮೂತಿ ಗಡಿಗಿ ಹೊರೂದಿಲ್ಲ. ಮುಳಗತೈತಿ."

"ಗಡಿಗಿ ಹಿಂದ ಇಡ್ರಿ. ಅಗಲ ಹಿಂದ ಐತಿ, ಹೊರತೈತಿ."

ರೇವಪ್ಪ ಗಡಿಗೆಯನ್ನು ಎದೆಗೆ ಅವಚಿಕೊಂಡ.

"ಬೀರಪ್ಪನ ಹಾಲು ಬೆನ್ನಿಗಿ ಹಾಕ್ಕೊಂಡು ಹೋಗೂದಾ? ತಲಿಗಿಲಿ ಕೆಟ್ಟೈತೇನ್ ನಿಂದು?"

"ಮುಂದ ಇಟ್ಕೊಂಡು ಹೊಳಿಗಿ ಚೆಲ್ಲಿದ್ರಿ. ಅದು ಮರ್ಯಾದಿ ಏನು?" ತಂಗೆವ್ವನ ದನಿ ಏರಲಿಲ್ಲ. "ಅಡವ್ಯಾಗ ಕುರಿ ಈದಾಗ ಮರೀನ ಎಲ್ಲಿ ಹಾಕ್ಕೊಂಡು ಬರ್ತೀರಿ? ಕಂಬಳ್ಯಾಗ ಸುತ್ತಿ ಬೆನ್ನಿಗೆ ಕಟ್ಕೊಂಡು ಬರ್ತೀರಿ. ಅದು ಬೀರಪ್ಪ ಕೊಟ್ಟ ಮರಿ ಅಲ್ಲೇನು? ಮರಿ ಬೆನ್ನಿಗಿದ್ರ ನಡೀತೈತಿ, ಅದರ ಹಾಲು ಬೆನ್ನಿಗಿದ್ರ ನಡಿಯಂಗಿಲ್ಲೇನು?"

ರೇವಪ್ಪ ಇಂದ್ರವ್ವನ ಕಡೆ ನೋಡಿದ. ಅವಳು ಹೌದು ಅಂದರೂ ಆಗುತ್ತಿತ್ತು, ಅಲ್ಲ ಅಂದರೂ ಆಗುತ್ತಿತ್ತು. ಇಂದ್ರವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು, "ನನ್ನ ಯಾಕ ನೋಡ್ತೀ? ಒಯ್ಯಾಂವ ನೀ," ಅಂದಳು.

ಮರಿಯ ಮಾತು ಸರಿಯೆಂದು ಅವನಿಗೆ ಅನಿಸಿತು. ಸರಿಯಲ್ಲವೆಂದೂ ಅನಿಸಿತು. ಮರಿ ಬೆನ್ನಿಗಿದ್ದಾಗ ಅದರ ಬಿಸಿ ಉಸಿರು ಕುತ್ತಿಗೆಗೆ ತಾಗುತ್ತದೆ, ಇದೆ ಎಂದು ಗೊತ್ತಾಗುತ್ತದೆ. ಹಾಲಿಗೆ ಉಸಿರಿಲ್ಲ. ಕರಿ ಕುರಿ ಅಷ್ಟು ದೂರದಿಂದ ಬ್ಯಾ ಅಂದದ್ದು ಗಾಳಿಯಲ್ಲಿ ಕೇಳಿದಂತಾಯಿತು, ಕೇಳದಂತೆಯೂ ಆಯಿತು. ಕಡೆಗೆ ಅವನು ಏನೂ ತೀರ್ಮಾನ ಮಾಡಲಿಲ್ಲ. "ತಿರುವಲೇ," ಎಂದು ದುಂಡೇಶನಿಗೆ ಹೇಳಿದ್ದು ಅವನ ಬಾಯಿ.

ತಂಗೆವ್ವ ಸೀರೆಯ ಹಳೇ ತುಂಡಿನಿಂದ ಸಿಂಬಿ ಸುತ್ತಿ ಅಗಲ ತುದಿಯ ನಡುವೆ ಇಟ್ಟಳು. ಅದರ ಮೇಲೆ ಗಡಿಗೆ ಕೂರಿಸಿ, ಕುತ್ತಿಗೆಗೆ ಸುತಳಿ ಹಾಕಿ ಆ ಕಡೆ ಈ ಕಡೆ ಬಿಗಿದಳು. ರೇವಪ್ಪ ನಡುವಿಗಿಂತ ಸ್ವಲ್ಪ ಮುಂದೆ ಮೊಣಕಾಲೂರಿದ. ಗಡಿಗೆ ಅವನ ಹಿಮ್ಮಡಿಯ ಹಿಂದೆ ಇತ್ತು. "ತಪ್ಪಾತಪಾ ತಂದೀ," ಎಂದು ಮೊದಲೇ ಬೇಡಿಕೊಂಡು ತಾಟುಗಳನ್ನು ನೀರಿಗೆ ಹಾಕಿದ.

ತೆಪ್ಪ ಹೋಯಿತು. ಎಷ್ಟೋ ದಿನದಿಂದ ನೂಕಿ ನೂಕಿ ಭುಜ ಬಿದ್ದವನಿಗೆ ಅದು ಹೋಗುತ್ತಿರುವ ರೀತಿಗೇ ಹೆದರಿಕೆಯಾಯಿತು. ಮುಂದೆ ಸಣ್ಣದಾದ್ದರಿಂದ ಎರಡೂ ಕೈ ನೇರವಾಗಿ ನೀರಿಗೆ ಇಳಿದವು, ಬಾಗಬೇಕಾಗಿರಲಿಲ್ಲ. ಹಿಂದಿನಿಂದ ತೆರೆ ಬಂತು. ಅವನು ಹಲ್ಲು ಕಚ್ಚಿದ. ಅಗಲ ತುದಿ ಮೇಲೆದ್ದಿತು, ಮೂತಿ ತಗ್ಗಿತು, ನೀರಿಗೆ ತಾಗಿತು. ತೂರಲಿಲ್ಲ. ತೆರೆ ತೆಪ್ಪದ ಕೆಳಗೆ ಹಾದು ಮುಂದೆ ಹೋಯಿತು, ಹೋಗುವಾಗ ಅವನನ್ನೂ ಒಂದಿಷ್ಟು ಎಳೆದುಕೊಂಡು ಹೋಯಿತು.

ಆದರೆ ಬೆನ್ನ ಹಿಂದೆ ಚಳ್ ಎಂದಿತು.

ಹಾಲು ಚೆಲ್ಲಿದ ಸಪ್ಪಳವೋ, ತೆರೆ ಗಡಿಗೆಗೆ ಬಡಿದ ಸಪ್ಪಳವೋ? ಎರಡಕ್ಕೂ ಒಂದೇ ಸಪ್ಪಳ. ತಿರುಗಿ ನೋಡಬೇಕೆಂದರೆ ಸೊಂಟ ತಿರುಗಬೇಕು. ಸೊಂಟ ತಿರುಗಿದರೆ ತೆಪ್ಪ ಹೊರಳುತ್ತದೆ. ಮತ್ತೊಂದು ತೆರೆ, ಮತ್ತೊಮ್ಮೆ ಚಳ್. ಅವನ ಅಂಗಾಲಿಗೆ ತಣ್ಣಗೆ ಏನೋ ಹರಿಯಿತು. ಹೊಳೆಯ ನೀರು ತಣ್ಣಗಿರುತ್ತದೆ. ಹಿಂಡಿ ಇಷ್ಟು ಹೊತ್ತಾದ ಮೇಲೆ ಹಾಲೂ ತಣ್ಣಗಾಗಿರುತ್ತದೆ. ಕಾಲಿಗೆ ಏನು ತಿಳಿಯಬೇಕು?

ಮುಂದಿದ್ದಾಗ ಕನಿಷ್ಠ ಕಾಣುತ್ತಿತ್ತು. ಚೆಲ್ಲುವುದಾದರೂ ಕಾಣುತ್ತಿತ್ತು. ಈಗ ಕಣ್ಣೆದುರಿಗೆ ಇರುವುದು ಬರೀ ನೀರು, ಅದರಾಚೆ ದಿಬ್ಬ, ದಿಬ್ಬದ ಮೇಲೆ ನಾಲ್ಕು ಕಂಬ. ಅವನು ಕಂಬಗಳನ್ನು ನೋಡುತ್ತ ನೀರು ಎಳೆದ. ಬೀರಪ್ಪನ ಕಡೆ ಮುಖ ಮಾಡಿದರೆ ಹಾಲಿಗೆ ಬೆನ್ನು. ಹಾಲಿನ ಕಡೆ ಮುಖ ಮಾಡಿದರೆ ಬೀರಪ್ಪನಿಗೆ ಬೆನ್ನು. ಇದರಲ್ಲಿ ಯಾವುದು ದೊಡ್ಡ ತಪ್ಪು? ಮೊದಲೆಲ್ಲ ಗಡಿಗೆ ಕೈಯಲ್ಲಿ ಹಿಡಿದು ಹೊಲದ ಬದುವಿನ ಮೇಲೆ ನಡೆದು ಬರುವಾಗ ಇಂಥ ಪ್ರಶ್ನೆಯೇ ಇರಲಿಲ್ಲ. ಅದೇ ಬದು ಈಗ ಅವನ ಕೆಳಗೆ ಎಲ್ಲೋ ನೀರಿನ ತಳದಲ್ಲಿದೆ.

ಜಾಲಿಗಳು ಬಂದವು. ಸಣ್ಣ ಮೂತಿ ಎರಡು ತುದಿಗಳ ನಡುವೆ ತಾನಾಗಿ ನುಸುಳಿತು. ಹಿಂದಿನ ಅಗಲ ತುದಿಗೆ ಒಂದು ಮುಳ್ಳು ಕೆರೆದು ಚೀಲ ಪರ್ರೆಂದಿತು, ತೆಪ್ಪ ಒಮ್ಮೆ ಜಗ್ಗಿ ನಿಂತು, ಬಿಡಿಸಿಕೊಂಡು ಮುಂದೆ ಹೋಯಿತು. ಆ ಎಳೆತಕ್ಕೆ ಗಡಿಗೆ ಏನಾಯಿತೋ. ನೆಲ ತಾಗುವತನಕ ಅವನು ತಿರುಗಲಿಲ್ಲ.

ಕೆಸರಿಗೆ ಇಳಿದು, ತೆಪ್ಪವನ್ನು ಎಳೆದು ನಿಲ್ಲಿಸಿ, ಆಮೇಲೆ ನೋಡಿದ.

ಗಡಿಗೆ ತುಂಬಿತ್ತು. ಬಾಯಿಯ ಅಂಚಿಗೆ ಸಮನಾಗಿ, ಇನ್ನೊಂದು ಹನಿ ಬಿದ್ದರೆ ತುಳುಕುವಂತೆ ತುಂಬಿತ್ತು.

ಅವನು ಹಾಗೇ ಕುಕ್ಕುರುಗಾಲಲ್ಲಿ ಕೂತ. ತಂಗೆವ್ವ ತುಂಬುವಾಗ ಬಾಯಿಗೆ ಒಂದು ಬೆರಳು ಕಡಿಮೆ ಇತ್ತು. ಅವನೇ ಕಂಡಿದ್ದ. ಹಾಗಾದರೆ ಹೊಳೆಯ ನೀರು ಒಳಗೆ ಬಿದ್ದಿದೆ. ಬಿದ್ದ ನೀರು ಆ ಬೆರಳಿನಷ್ಟೇ ಇರಬಹುದು. ಇಲ್ಲವೇ ಹಾಲು ಚೆಲ್ಲಿ ಚೆಲ್ಲಿ, ನೀರು ಬಿದ್ದು ಬಿದ್ದು, ಈಗ ಇರುವುದರಲ್ಲಿ ಮುಕ್ಕಾಲು ಕೃಷ್ಣೆಯೇ ಇರಬಹುದು. ಬಣ್ಣ ಬೆಳ್ಳಗೇ ಇತ್ತು, ಆದರೆ ಹಾಲಿಗೆ ಎಷ್ಟು ನೀರು ಬಿದ್ದರೂ ಬೆಳ್ಳಗೇ ಇರುತ್ತದಲ್ಲ. ನೆಕ್ಕಿ ನೋಡಿದರೆ ತಿ‍ಳಿಯುತ್ತಿತ್ತು. ನೆಕ್ಕುವ ಹಾಗಿಲ್ಲ, ಬೀರಪ್ಪನಿಗಿಂತ ಮೊದಲು ಯಾರ ನಾಲಿಗೆಗೂ ಅದು ತಾಗುವಂತಿಲ್ಲ. ಬೇವಿನ ಎಸಳು ಒಂದು ಉಳಿದಿತ್ತು, ಒಂದು ಹೋಗಿತ್ತು.

ತುಂಬಿದ ಗಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣೆದುರಿಗೆ ಇಟ್ಟುಕೊಂಡು, ದಿಬ್ಬ ಹತ್ತಿದ. ಆ ನಾಲ್ಕು ಹೆಜ್ಜೆಯಾದರೂ ಹಳೆಯ ರೀತಿಯಲ್ಲಿ ನಡೆಯಿತು. ಕಲ್ಲಿನ ಮೇಲೆ ಎರೆದ. ಹಳದಿ ಮೆತ್ತಿದ ಕಲ್ಲಿನಿಂದ ಅದು ಇಳಿದು ಕಟ್ಟೆಯ ಸಂದಿಗೆ ಹೋಯಿತು. ಹಾಲು ಹರಿದಂತೆ ಹರಿಯಿತೋ ನೀರು ಹರಿದಂತೆ ಹರಿಯಿತೋ ಎಂದು ಬಗ್ಗಿ ನೋಡಿದ. ಕಣ್ಣಲ್ಲಿ ನೀರು ಬಂದಿತ್ತು, ಸರಿಯಾಗಿ ಕಾಣಲಿಲ್ಲ. "ಎಷ್ಟ ಮುಟ್ಟೈತೋ ಅಷ್ಟ ನಿಂದು," ಅಂದ. "ಉಳಿದಿದ್ದು ಹೊಳಿದು. ಅದೂ ನಿಂದ."

ಬರುವಾಗ ಅವನಿಗೆ ಹೊಸ ಗೊಂದಲ ಕಾಡಿತು. ಸಣ್ಣ ಮೂತಿ ಮುಂದಿದ್ದುದಕ್ಕೆ ತೆಪ್ಪ ಹೋಯಿತೋ, ಭಾರ ಹಿಂದಿದ್ದುದಕ್ಕೋ, ಇಲ್ಲಾ ಮೊದಲೇ ತಪ್ಪಾಯಿತು ಎಂದು ಬೇಡಿಕೊಂಡುದಕ್ಕೋ? ಮುಂದಿನ ವರ್ಷಗಳಲ್ಲಿ ಆ ದಂಡೆಯ ಮೀನುಗಾರರು ಹಿಂದೆ ಅಗಲ, ಮುಂದೆ ಸಣ್ಣ ಮಾಡಿಯೇ ತೆಪ್ಪ ಕಟ್ಟತೊಡಗಿದರು, ಮೀನಿನ ಬುಟ್ಟಿಯನ್ನು ಹಿಂದೆ ಇಡತೊಡಗಿದರು. ಯಾಕೆ ಹೀಗೆ ಎಂದು ಕೇಳಲು ರೇವಪ್ಪನ ಹತ್ತಿರ ಬಂದವರಿಗೆ ಅವನು ತೆಪ್ಪ ತೋರಿಸುತ್ತಿದ್ದ, ಕೈ ತೋರಿಸುತ್ತಿದ್ದ, ತೆರೆ ತೋರಿಸುತ್ತಿದ್ದ; ಕಡೆಗೆ "ಖರೆ ಹೇಳ್ಬೇಕಂದ್ರ ನನಗೂ ತಿಳೀವಲ್ದು" ಎನ್ನುತ್ತಿದ್ದ. ಮರಿಗಳು ಆ ವರ್ಷ ಒಂದೆರಡು ಸತ್ತವು, ಉಳಿದವು ಬದುಕಿದವು. ಡಾಕ್ಟರು ಸೂಜಿಯ ಹೆಸರು ಹೇಳಿದರು. ಇಂದ್ರವ್ವ ಬೇರೆ ಹೆಸರು ಹೇಳಿದಳು.

ಅದೆಲ್ಲ ಆಮೇಲಿನ ಮಾತು. ಅವತ್ತು ಅವನು ದಂಡೆಗೆ ಬಂದಾಗ ತಂಗೆವ್ವ ಮೊಣಕಾಲುಮಟ ನೀರಿನಲ್ಲಿ ನಿಂತಿದ್ದಳು.

"ಮುಟ್ಟಿತೇನ್ರಿ?"

"ಗಡಿಗಿ ತುಂಬಿತ್ತು."

"ಅದನ್ನ ಕೇಳಲಿಲ್ಲ ನಾ. ಹಾಲು ಮುಟ್ಟಿತೇನು?"

ಅವನು ಖಾಲಿ ಗಡಿಗೆಯನ್ನು ಅವಳ ಕೈಗೆ ಕೊಟ್ಟ. ತಂಗೆವ್ವ ಅದರೊಳಗೆ ಮುಖವಿಟ್ಟು ಮೂಸಿದಳು. ಬಹಳ ಹೊತ್ತು ಮೂಸಿದಳು. ಗಡಿಗೆಯ ಗೋಡೆಗೆ ಅಂಟಿದ ಗಿಣ್ಣದ ಪರೆಯನ್ನು ಬೆರಳಿನಿಂದ ತೆಗೆದು ಅವನಿಗೆ ತೋರಿಸಿದಳು. ಮನೆಯ ಕಡೆ ನಡೆದಳು. ಅವಳ ಹಿಂದೆ ಅವನೂ ನಡೆದ.

ಮನೆಯಲ್ಲಿ ಒಲೆಯ ಮೇಲೆ ಬೆಲ್ಲ ಹಾಕಿದ ಗಿಣ್ಣ ಗಟ್ಟಿಯಾಗಿ ಕಾಯುತ್ತಿತ್ತು. ಅವನು ಹೋದ ಮೇಲೆಯೇ ಕರಿ ಕುರಿಯನ್ನು ಮತ್ತೊಮ್ಮೆ ಹಿಂಡಿ ಅವಳು ಇಟ್ಟಿದ್ದಳೆಂದು ಕಾಣುತ್ತದೆ. ಮುಟ್ಟುತ್ತದೋ ಇಲ್ಲವೋ ತಿಳಿಯುವುದಕ್ಕೂ ಮೊದಲೇ. ಅವನ ಅಂಗೈಯಿಂದ ಒಂದು ತಾಟನ್ನು ಬಿಚ್ಚಿ, ಸೆರಗಿನಿಂದ ಒರೆಸಿ, ಅದರಲ್ಲೇ ಒಂದು ತುಂಡು ಕೊರೆದು ಹಾಕಿ ಅವನ ಮುಂದೆ ಇಟ್ಟಳು.

"ತಿನ್ನಬಹುದೇನಲೇ?" ಎಂದ ರೇವಪ್ಪ.

"ತಿನ್ರಿ," ಎಂದಳು ತಂಗೆವ್ವ. "ನಾನೂ ಮುಂಜಾನಿಂದ ಹಸದ ಕುಂತೀನಿ."